ಡಬ್ಬಿ ಒಬ್ಬನದು, ಟ್ಯಾಗ್ ಇಬ್ಬರದು

ಕಾರಟಗಿ ಹತ್ತಿರದ ಹಳ್ಳಿಯೊಂದರಲ್ಲಿ ಮದುಮಗನ ಮೆರವಣಿಗೆ. ಟ್ರ್ಯಾಕ್ಟರ್ ಟ್ರೇಲರಿನ ಮೇಲೆ ಎಂಟು ಬೇಸ್ ಡಬ್ಬಿ, ಅಂದರೆ ಗುಡುಗಿನಂಥ ಸದ್ದು ಹೊಡೆಯುವ ದೊಡ್ಡ ಸ್ಪೀಕರ್ ಪೆಟ್ಟಿಗೆ, ಅವುಗಳ ನೆತ್ತಿಯ ಮೇಲೆ ಚೂಪು ಸದ್ದಿನ ಟಾಪು, ಹಿಂದೆ ಗುರ್ ಎನ್ನುವ ಜನರೇಟರ್. ಎಲ್ಲರಿಗೂ ಬಾಯಿಪಾಠವಾದ ಹಾಡೊಂದು ಶುರುವಾಯಿತು. ಬೀಟ್ ಬೀಳುವುದಕ್ಕೆ ಅರೆಗಳಿಗೆ ಮುಂಚೆ ಗಡಸು ದನಿಯೊಂದು ಇಬ್ಬರ ಹೆಸರನ್ನು ಜೋಡಿಸಿ ಕೂಗಿತು. ಹುಡುಗರು ಕೈ ಎತ್ತಿದರು. ನನಗೆ ಮಾತ್ರ ಕಸಿವಿಸಿ. ಆ ಇಬ್ಬರೂ ನನಗೆ ಗೊತ್ತು. ಒಬ್ಬರ ಮುಖ ಒಬ್ಬರು ನೋಡದೆ ವರ್ಷ ದಾಟಿದೆ.

ಆ ಕೂಗಿಗೆ ಹುಡುಗರು ಟ್ಯಾಗ್ ಅನ್ನುತ್ತಾರೆ. ಮಿಕ್ಸ್ ಮಾಡಿದವರ, ಅಂದರೆ ಹಾಡಿಗೆ ಹೊಸ ಬಡಿತ ಕೂಡಿಸಿ ಬದಲಿಸಿದವರ, ಸಹಿ ಅದು. ಮೂರೋ ನಾಲ್ಕೋ ಸೆಕೆಂಡಿನದು, ಆದರೆ ಹಾಡಿನ ನಡುನಡುವೆ ಕಿತ್ತರೂ ಬಾರದ ಹಾಗೆ ಹೊಲಿದಿರುತ್ತಾರೆ. ವಾಟ್ಸಾಪಿನಲ್ಲಿ, ಪೆನ್‌ಡ್ರೈವಿನಲ್ಲಿ, ಮೆಮೊರಿ ಕಾರ್ಡಿನಲ್ಲಿ ಹಾಡು ಕೈಯಿಂದ ಕೈಗೆ ದಾಟುವ ನಮ್ಮ ಸೀಮೆಯಲ್ಲಿ ಟ್ಯಾಗೇ ಜಾಹೀರಾತು, ಟ್ಯಾಗೇ ವಿಳಾಸ. ಗಂಗಾವತಿ, ಸಿಂಧನೂರು, ಸಿರುಗುಪ್ಪ, ಮಾನ್ವಿ ಎಲ್ಲಿ ಹೋದರೂ ಇಂಥ ಜೋಡಿ ಹೆಸರುಗಳು ಕಿವಿಗೆ ಬೀಳುತ್ತವೆ. ನಾನು ಕಂಡ ಮಟ್ಟಿಗೆ ಒಂದು ಜೋಡಿಯ ಬಾಳಿಕೆ ಎರಡು ಮೂರು ಗಣೇಶನ ಹಬ್ಬ. ಆಮೇಲೆ ಮುರಿಯುತ್ತದೆ. ಯಾಕೆಂದು ಕೇಳಿದರೆ ಊರವರು ಹೇಳುವುದು ಸೊಕ್ಕು, ಕುಡಿತ, ಇಲ್ಲಾ ಹುಡುಗಿ. ನನಗೆ ಆ ಮೂರರ ಮೇಲೂ ಅಷ್ಟು ನಂಬಿಕೆ ಇಲ್ಲ. ಜೋಡಿ ಮುರಿಯುವ ಜಾಗ ಅದು ಹುಟ್ಟಿದ ದಿನವೇ ಗೊತ್ತಾಗಿರುತ್ತದೆ, ನೋಡುವ ಕಣ್ಣು ಬೇಕು ಅಷ್ಟೆ.

ಮೊದಲು ಒಂದು ಪದದ ವಿಚಾರ. ಊರಾಚೆಯವರಿಗೆ ಡಿಜೆ ಎಂದರೆ ಮನುಷ್ಯ: ಹೆಡ್‌ಫೋನ್ ಹಾಕಿಕೊಂಡು ಎರಡು ಹಾಡುಗಳ ವೇಗ ಸರಿದೂಗಿಸಿ, ಒಂದರೊಳಗಿಂದ ಇನ್ನೊಂದನ್ನು ಹೊರಡಿಸುವವನು. ನಮ್ಮ ಕಡೆ ಡಿಜೆ ಎಂದರೆ ಡಬ್ಬಿ. "ಡಿಜೆ ತರಿಸ್ಯಾರ", "ಡಿಜೆ ಸೀಜ್ ಆತು", "ಎಷ್ಟು ಡಬ್ಬಿ ಡಿಜೆ?" ಎಂಬ ಮಾತುಗಳಲ್ಲಿ ಎಲ್ಲಿಯೂ ಮನುಷ್ಯನಿಲ್ಲ. ಲ್ಯಾಪ್‌ಟಾಪ್ ಮುಂದೆ ಕೂತವನು ಆಪರೇಟರ್. ಅಂದರೆ ಒಂದೇ ಹೆಸರಿನ ಕೆಳಗೆ ಎರಡು ಕಸುಬು ಇವೆ. ಒಂದು ಡಬ್ಬಿಯದು: ಬಂಡವಾಳ, ಭಾರ, ಡೀಸೆಲ್, ಹಮಾಲಿ, ಪೊಲೀಸ್ ಠಾಣೆ. ಇನ್ನೊಂದು ಫೈಲಿನದು: ಮಿಕ್ಸು, ಟ್ಯಾಗು, ಯೂಟ್ಯೂಬ್ ಚಾನೆಲ್ಲು. ಜೋಡಿ ಕಟ್ಟಿಕೊಳ್ಳುವ ಹುಡುಗರಲ್ಲಿ ಸಾಮಾನ್ಯವಾಗಿ ಒಬ್ಬನ ಹತ್ತಿರ ಡಬ್ಬಿ ಇರುತ್ತದೆ, ಇನ್ನೊಬ್ಬನ ಹತ್ತಿರ ಲ್ಯಾಪ್‌ಟಾಪ್ ಇರುತ್ತದೆ. ಒಬ್ಬನಿಗೆ ಇನ್ನೊಬ್ಬನಿಲ್ಲದೆ ನಡೆಯದು. ಜೋಡಿ ಹುಟ್ಟುವುದು ಹೀಗೆ.

ನಾನು ಹೇಳುತ್ತಿರುವ ಜೋಡಿಯೂ ಹಾಗೇ ಕೂಡಿದ್ದು. ಡಬ್ಬಿ ಇದ್ದದ್ದು ದೊಡ್ಡವನ ಬಳಿ, ಅವನ ತಂದೆಗೆ ನಾಲ್ಕೆಕರೆ ಗದ್ದೆ, ಒಂದು ಟ್ರ್ಯಾಕ್ಟರ್. ಸಣ್ಣವನದು ಮೊಬೈಲ್ ರಿಪೇರಿ ಅಂಗಡಿಯ ಹಿಂದಿನ ಕೋಣೆ. ಒಂದು ರಾತ್ರಿ ಅಲ್ಲಿ ಕೂತು ಅವನ ಕೆಲಸ ನೋಡಿದ್ದೇನೆ. ಎಫ್‌ಎಲ್ ಸ್ಟುಡಿಯೋ ಎಂಬ ಹಾಡು ಕೂಡಿಸುವ ಸಾಫ್ಟ್‌ವೇರ್ ತೆರೆದು ಹಾಡಿನಿಂದ ಗಾಯಕನ ದನಿಯನ್ನಷ್ಟೇ ಬೇರ್ಪಡಿಸಿದ. ನಿಮಿಷಕ್ಕೆ ತೊಂಬತ್ತು ಚಿಲ್ಲರೆ ಬಡಿತದ ಹಾಡನ್ನು ನೂರಿಪ್ಪತ್ತರ ಹತ್ತಿರಕ್ಕೆ ಎಳೆದ. ದನಿ ಹೆಣ್ಣಿನಂತಾಯಿತು, ಅದನ್ನು ಸ್ವಲ್ಪ ಇಳಿಸಿದ. ಕೆಳಗೆ ಕಿಕ್, ಅಂದರೆ ತಾಳದ ಗುದ್ದು, ಕೂಡಿಸಿದ. ಆಮೇಲೆ ಒಂದು ಫೋಲ್ಡರ್ ತೆರೆದ. ಅದರಲ್ಲಿ ಮೊಹರಂ ಸಮಯದಲ್ಲಿ ತಾನೇ ಫೋನಿನಲ್ಲಿ ಹಿಡಿದಿಟ್ಟ ಹಲಗಿ ಪೆಟ್ಟುಗಳು ಇದ್ದವು. ಅದರೊಳಗಿಂದ ಒಂದೇ ಒಂದು ಪೆಟ್ಟನ್ನು ಆರಿಸಲು ಅರ್ಧ ತಾಸು. "ಇದು ಒಣಾ ಹಲಗಿ ಅಲ್ರಿ, ಬೆಂಕಿಗೆ ಕಾಸಿದ ಮ್ಯಾಲೆ ಹೊಡದದ್ದು, ಕೇಳ್ರಿ" ಎಂದ. ಕೇಳಿದೆ. ವ್ಯತ್ಯಾಸ ನಿಜ.

ಕೊನೆಗೆ ಅವನು ಮಾಡಿದ ಕೆಲಸವೇ ಮುಂದಿನ ಜಗಳದ ಬೀಜ. ಇಡೀ ಹಾಡನ್ನು ಲಿಮಿಟರಿನಲ್ಲಿ ಹಾಕಿ ಹಿಂಡಿದ. ಮೆಲ್ಲಗಿದ್ದದ್ದು ಜೋರಾಯಿತು, ಜೋರಿದ್ದದ್ದು ಅಲ್ಲೇ ನಿಂತಿತು. ತರಂಗದ ಚಿತ್ರ ನೋಡಿದರೆ ಏರಿಳಿತವೇ ಇಲ್ಲ, ಇಟ್ಟಿಗೆ ಗೋಡೆ. ಮೊಬೈಲಿನಲ್ಲಿ ಕೇಳುವವನಿಗೆ ಇದು ಬಲು ಖುಷಿ. ಡಬ್ಬಿಗೆ ಇದು ವಿಷ. ಸ್ಪೀಕರಿನ ಹೊಟ್ಟೆಯಲ್ಲಿರುವ ತಂತಿಯ ಸುರುಳಿ, ಅಂದರೆ ಕಾಯಿಲ್, ಹಾಡಿನ ಮೆಲ್ಲನೆಯ ಭಾಗಗಳಲ್ಲಿ ಉಸಿರಾಡಿ ತಣ್ಣಗಾಗುತ್ತದೆ. ಹಿಂಡಿದ ಹಾಡಿನಲ್ಲಿ ಅದಕ್ಕೆ ಬಿಡುವಿಲ್ಲ. ಅದರ ಮೇಲೆ ಮೆರವಣಿಗೆಯಲ್ಲಿ ಯಾರೋ ಕುಡಿದವನು ಬಂದು "ಏಯ್, ಏರ್ಸೋ" ಎಂದ ಕೂಡಲೇ ಆಪರೇಟರ್ ಏರಿಸುತ್ತಾನೆ, ಆಂಪ್ಲಿಫೈಯರಿನ ಕೆಂಪು ದೀಪ ಹತ್ತಿದ್ದು ಆರುವುದೇ ಇಲ್ಲ, ಕಾಯಿಲ್ ಸುಡುತ್ತದೆ. ವಾರ್ನಿಶ್ ಕರಗಿದ ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಹಾಡು ಗೆದ್ದರೆ ಟ್ಯಾಗಿನವನಿಗೆ ಹೆಸರು. ಕಾಯಿಲ್ ಸುಟ್ಟರೆ ಡಬ್ಬಿಯವನಿಗೆ ಖರ್ಚು. ಇದನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ, ಆದರೆ ದೊಡ್ಡವನು ಆಮೇಲಾಮೇಲೆ ವಾಲ್ಯೂಮಿನ ಹತ್ತಿರವೇ ನಿಲ್ಲತೊಡಗಿದ.

ಡಬ್ಬಿಯ ಲೆಕ್ಕದಲ್ಲಿ ಇನ್ನೂ ಒಂದು ಕ್ರೂರವಾದ ಗಣಿತ ಇದೆ. ಪಕ್ಕದೂರಿನವನು ಎಂಟು ಡಬ್ಬಿ ತಂದರೆ ಇವನು ಹದಿನಾರು ತರಬೇಕು ಎಂಬ ಪೈಪೋಟಿ. ಆದರೆ ಶಬ್ದ ಹಾಗೆ ಬೆಳೆಯುವುದಿಲ್ಲ. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಸದ್ದಿನ ಅಳತೆಯಲ್ಲಿ ಏರುವುದು ಸುಮಾರು 3 ಡೆಸಿಬಲ್. ಕಿವಿಗೆ ಸದ್ದು ಎರಡು ಪಟ್ಟಾಯಿತು ಅನ್ನಿಸಲು ಹತ್ತಿರ ಹತ್ತಿರ 10 ಡೆಸಿಬಲ್ ಬೇಕು, ಅಂದರೆ ಹತ್ತು ಪಟ್ಟು ಶಕ್ತಿ. ಡಬ್ಬಿ ಒತ್ತಾಗಿ ಜೋಡಿಸಿದರೆ ಬೇಸಿನಲ್ಲಿ ಸ್ವಲ್ಪ ಹೆಚ್ಚು ಲಾಭ ಬಂದೀತು, ಆದರೂ ಸಾಲ ಏರುವ ವೇಗಕ್ಕೆ ಸದ್ದು ಏರುವುದಿಲ್ಲ. ಫೈಲಿನವನು ಅದೇ ಹಳೆಯ ಲ್ಯಾಪ್‌ಟಾಪಿನಲ್ಲಿ ಮಾಡಿದ ಒಂದು ಮಿಕ್ಸ್ ಮೂರು ಜಿಲ್ಲೆ ಸುತ್ತಿ ಬರುತ್ತದೆ.

ಇನ್ನು ಕಾಯಿದೆ. ಗಣೇಶನ ಹಬ್ಬ ಹತ್ತಿರ ಬಂತೆಂದರೆ ರಾಜ್ಯದ ಒಂದಲ್ಲ ಒಂದು ಜಿಲ್ಲೆಯಿಂದ ಡಿಜೆ ನಿಷೇಧದ ಸುದ್ದಿ ಬಂದೇ ಬರುತ್ತದೆ. ಅದರ ಬುಡದಲ್ಲಿರುವುದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು. ಜನವಸತಿಯಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಇಲ್ಲ. ಹಬ್ಬಹರಿದಿನಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಈ ನಿಯಮಗಳನ್ನು ಇನ್ನಷ್ಟು ಬಿಗಿ ಮಾಡಿತು. ಇಬ್ಬರು ಕೂತು ಮಾತಾಡುವ ಸದ್ದೇ 60ರ ಆಸುಪಾಸು ಇರುತ್ತದೆ. ಎಂಟು ಡಬ್ಬಿಯ ಮುಂದೆ ಮೀಟರ್ ಹಿಡಿದರೆ 100 ದಾಟುವುದು ಏನೇನೂ ಆಶ್ಚರ್ಯವಲ್ಲ. ಅಂದಮೇಲೆ ನಿಯಮವನ್ನು ಅಕ್ಷರಶಃ ಹಿಡಿದರೆ ಈ ಕಸುಬು ಹಗಲಲ್ಲೂ ನಡೆಯುವಂತಿಲ್ಲ. ನಡೆಯುತ್ತಿರುವುದು ಕಂಡೂ ಕಾಣದಂತಿರುವವರ ಕೃಪೆಯಿಂದ. ಆ ಕೃಪೆ ಯಾವ ಹಬ್ಬದಲ್ಲಿ ಸಿಗುತ್ತದೆ, ಯಾವುದರಲ್ಲಿ ಇಲ್ಲ ಎಂಬುದು ಡಬ್ಬಿಯವನ ನಿದ್ದೆ ಕೆಡಿಸುವ ಸಂಗತಿ. (ಬಾಣಂತಿ ಇರುವ ಮನೆಯ ಗೋಡೆ ಅದುರುವುದನ್ನು ನಾನು ಕಂಡಿದ್ದೇನೆ. ಹಾಗಾಗಿ ನಿಯಮವೇ ತಪ್ಪು ಎಂದು ಹೇಳಲು ನನ್ನ ಬಾಯಿ ಬರುವುದಿಲ್ಲ.)

ಇಲ್ಲಿ ಗಮನಿಸಬೇಕಾದದ್ದು, ನಿಷೇಧ ತಟ್ಟುವುದು ಜೋಡಿಯ ಅರ್ಧಕ್ಕೆ ಮಾತ್ರ. ಪೊಲೀಸರು ಟ್ರ್ಯಾಕ್ಟರ್ ನಿಲ್ಲಿಸಬಹುದು, ಆಂಪ್ಲಿಫೈಯರ್ ಹೊತ್ತೊಯ್ಯಬಹುದು. ಫೈಲನ್ನು ಸೀಜ್ ಮಾಡುವವರಿಲ್ಲ. ಮೆರವಣಿಗೆ ಇಲ್ಲದ ತಿಂಗಳಲ್ಲೂ ಟ್ಯಾಗು ಫೋನುಗಳಲ್ಲಿ ಕೂಗುತ್ತಲೇ ಇರುತ್ತದೆ.

ಮೇಲಾಗಿ ನಮ್ಮ ಕಡೆಯ ಡಬ್ಬಿ ಕಾಲುವೆಯ ನೀರಿನಿಂದ ನಡೆಯುತ್ತದೆ. ಎರಡು ಬೆಳೆ ಬಂದ ವರ್ಷ ಮದುವೆಗೆ ಹದಿನಾರು ಡಬ್ಬಿ, ಒಂದೇ ಬೆಳೆಯಾದರೆ ನಾಲ್ಕು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಎಡದಂಡೆಯ ಹಳ್ಳಿಗಳಲ್ಲಿ ಭತ್ತದವರಷ್ಟೇ ದಿಗಿಲು ಶಾಮಿಯಾನದವರಿಗೂ ಡಬ್ಬಿಯವರಿಗೂ ಆಗಿತ್ತು. ನದಿಯಲ್ಲಿ ಹರಿದುಹೋದದ್ದು ಅವರ ಮುಂಗಡ ಬುಕಿಂಗು ಕೂಡ.

ಹಾಗಾದರೆ ಫೈಲಿನವನು ಸುಖಿಯೇ? ಅವನಿಗೆ ಬೇರೆಯದೇ ಕಂಟಕ. ಯೂಟ್ಯೂಬಿನಲ್ಲಿ ನಮ್ಮವರು ಜಾನಪದ ಎಂದು ಕರೆಯುವ ಹಾಡುಗಳಲ್ಲಿ ಬಹಳಷ್ಟು ಜಾನಪದವೇ ಅಲ್ಲ. ಹೋದ ತಿಂಗಳು ಯಾರೋ ಬರೆದು, ಯಾರೋ ಹಾಡಿ, ಯಾವುದೋ ಕಂಪನಿ ಬಿಡುಗಡೆ ಮಾಡಿದ ಹೊಸ ಹಾಡುಗಳು. ಬೀಸುವ ಕಲ್ಲಿನ ಪದಕ್ಕೆ ಒಡೆಯನಿಲ್ಲ, ಇವಕ್ಕೆ ಇದ್ದಾನೆ. ಕಾಪಿರೈಟ್ ಕಾಯಿದೆಯ ಪ್ರಕಾರ ಧ್ವನಿಮುದ್ರಣವನ್ನು ಬಳಸಿ ಮಿಕ್ಸ್ ಮಾಡಿ ಹಂಚಲು ಅದರ ಒಡೆಯನ ಒಪ್ಪಿಗೆ ಬೇಕು. ಮದುವೆಯಲ್ಲಿ ನುಡಿಸುವುದಕ್ಕೆ ಅದೇ ಕಾಯಿದೆಯ 52ನೇ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಇದೆ. ಧಾರ್ಮಿಕ ವಿಧಿಯಲ್ಲಿ ಹಾಡು ಹಾಕಿದರೆ ಉಲ್ಲಂಘನೆಯಲ್ಲ, ಮದುವೆ ಮೆರವಣಿಗೆಯೂ ಮದುವೆಗೆ ಸೇರಿದ ಸಡಗರವೂ ಅದರಲ್ಲಿ ಸೇರಿವೆ ಎಂದು ವಿವರಣೆಯೇ ಹೇಳುತ್ತದೆ. 2023ರ ಜುಲೈನಲ್ಲಿ ಕೇಂದ್ರದ ಕೈಗಾರಿಕಾ ಉತ್ತೇಜನ ಇಲಾಖೆ ಪ್ರಕಟಣೆ ಹೊರಡಿಸಿ ಇದನ್ನೇ ನೆನಪಿಸಿತು. ಆದರೂ ಹೋಟೆಲು, ಕಲ್ಯಾಣಮಂಟಪಗಳ ವಿಷಯದಲ್ಲಿ ಕೋರ್ಟಿನ ವಾದಗಳು ನಿಂತಿಲ್ಲ. ಏನೇ ಇರಲಿ, ಆ ವಿನಾಯಿತಿ ಇರುವುದು ನುಡಿಸುವುದಕ್ಕೆ, ಅಪ್‌ಲೋಡ್ ಮಾಡುವುದಕ್ಕಲ್ಲ. ಅಪ್‌ಲೋಡ್ ಮಾಡಿದ ಮಿಕ್ಸನ್ನು ಯೂಟ್ಯೂಬಿನ ಹಾಡು ಪತ್ತೆಹಚ್ಚುವ ವ್ಯವಸ್ಥೆಯಾದ ಕಂಟೆಂಟ್ ಐಡಿ ಗುರುತಿಸಿದರೆ ಅದರ ಜಾಹೀರಾತಿನ ಹಣ ಮೂಲ ಕಂಪನಿಗೆ ಹೋಗಬಹುದು. ತೊಂಬತ್ತು ದಿನದೊಳಗೆ ಮೂರು ಕಾಪಿರೈಟ್ ಸ್ಟ್ರೈಕ್, ಅಂದರೆ ಉಲ್ಲಂಘನೆಯ ಎಚ್ಚರಿಕೆ, ಬಿದ್ದರೆ ಚಾನೆಲ್ಲೇ ಹೋಗುತ್ತದೆ. ಹೀಗಾಗಿ ಲಕ್ಷಗಟ್ಟಲೆ ಜನ ಕೇಳಿದ ಮಿಕ್ಸಿನಿಂದ ಸಣ್ಣವನ ಕೈಗೆ ಬಂದದ್ದು ಹೆಸರು ಮಾತ್ರ.

ಸರಿ, ಅಲ್ಲಿಗೆ ಜೋಡಿಯ ಬಳಿ ಮಾರಾಟಕ್ಕೆ ಉಳಿದದ್ದು ಒಂದೇ ವಸ್ತು, ಆ ಹೆಸರು. ಡಬ್ಬಿ ಸವೆಯುತ್ತದೆ, ಮಿಕ್ಸು ಇನ್ನೊಬ್ಬರ ಹಾಡಿನದು. ಗಿರಾಕಿ ಫೋನ್ ಮಾಡುವುದು ಟ್ಯಾಗು ಕೇಳಿ. ಆ ಟ್ಯಾಗು ಯಾರದು?

ದೊಡ್ಡ ದೊಡ್ಡ ಊರಿನವರಿಗೂ ಈ ಪ್ರಶ್ನೆ ಬಿಟ್ಟಿಲ್ಲ. 1998ರಲ್ಲಿ ಅಹಮದಾಬಾದಿನಲ್ಲಿ ಬಂದಿಶ್ ಪ್ರೊಜೆಕ್ಟ್ ಎಂಬ ಎಲೆಕ್ಟ್ರಾನಿಕ್ ಸಂಗೀತದ ಕೂಟ ಹುಟ್ಟಿತು. ಕಟ್ಟಿದವರಲ್ಲಿ ಒಬ್ಬರಾದ ಉದ್ಯನ್ ಸಾಗರ್ ಮುಂದೆ ಹೊರಬಂದರು. ಕೂಟದ ಹೆಸರು ಜೊತೆಗಾರ ಮಯೂರ್ ನಾರ್ವೇಕರ್ ಬಳಿ ಉಳಿಯಿತು. ಸಾಗರ್ ನ್ಯೂಕ್ಲಿಯಾ ಎಂಬ ಹೊಸ ಹೆಸರಿನಲ್ಲಿ ಬೀದಿ ವಾದ್ಯದ ಸದ್ದುಗಳನ್ನೇ ಬೇಸಿಗೆ ಬೆರೆಸಿ ಮತ್ತೆ ಮೊದಲಿಂದ ಶುರುಮಾಡಿ ಗೆದ್ದರು. ಅಮೆರಿಕದ ಚೈನ್‌ಸ್ಮೋಕರ್ಸ್ ಎಂಬ ಡಿಜೆ ಜೋಡಿಯಲ್ಲಿ ಮೊದಲಿದ್ದ ಒಬ್ಬನ ಜಾಗಕ್ಕೆ 2012ರಲ್ಲಿ ಡ್ರೂ ಟ್ಯಾಗರ್ಟ್ ಬಂದ. ಲೋಕಕ್ಕೆ ಗೊತ್ತಿರುವುದು ಆಮೇಲಿನ ಜೋಡಿಯೇ. ಮೇಜರ್ ಲೇಸರ್ ಎಂಬ ಸಂಗೀತ ತಂಡ ಶುರುಮಾಡಿದ ಇಬ್ಬರಲ್ಲಿ ಸ್ವಿಚ್ 2011ರಲ್ಲಿ ಬಿಟ್ಟ, ಡಿಪ್ಲೋ ಬೇರೆಯವರನ್ನು ಕೂಡಿಸಿಕೊಂಡು ಅದೇ ಹೆಸರಿನಲ್ಲಿ ನಡೆಸಿದ. ಅಂದರೆ ಹೆಸರಿಗೆ ತನ್ನದೇ ಆಯುಷ್ಯ ಇರುತ್ತದೆ, ಇಟ್ಟವರ ಆಯುಷ್ಯವಲ್ಲ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಸ್ವೀಡಿಶ್ ಹೌಸ್ ಮಾಫಿಯಾ ಎಂಬ ಡಿಜೆ ತಂಡದ ಮೂವರು. ಆಕ್ಸ್‌ವೆಲ್, ಸ್ಟೀವ್ ಆ್ಯಂಜೆಲೊ, ಸೆಬಾಸ್ಟಿಯನ್ ಇಂಗ್ರೊಸೊ 2008ರಲ್ಲಿ ಆ ಹೆಸರಿನಲ್ಲಿ ಸೇರುವಾಗಲೇ ಮೂವರಿಗೂ ಬೇರೆ ಬೇರೆ ಹೆಸರಿತ್ತು, ಪ್ರತಿಯೊಬ್ಬರಿಗೂ ಸ್ವಂತ ಲೇಬಲ್, ಅಂದರೆ ಹಾಡು ಹೊರತರುವ ಸಂಸ್ಥೆ, ಇತ್ತು. ಜಂಟಿ ಹೆಸರು ಮಾಳಿಗೆ ಇದ್ದಂತೆ, ಕೆಳಗೆ ಮೂರೂ ಮನೆ ಬೇರೆ. 2013ರ ಮಾರ್ಚಿನಲ್ಲಿ ಮಯಾಮಿಯ ಅಲ್ಟ್ರಾ ಉತ್ಸವದಲ್ಲಿ ಕೊನೆಯ ಆಟ ಆಡಿ ಬೇರೆಯಾದರು, ಯಾರೂ ಬೀದಿಗೆ ಬೀಳಲಿಲ್ಲ. ಐದು ವರ್ಷದ ಮೇಲೆ, 2018ರಲ್ಲಿ, ಅದೇ ಉತ್ಸವದಲ್ಲಿ ಮತ್ತೆ ಕೂಡಿದರು. 2022ರಲ್ಲಿ ಆಲ್ಬಂ ತಂದರು. ಇನ್ನು ಫ್ರಾನ್ಸಿನ ಡಾಫ್ಟ್ ಪಂಕ್ ಜೋಡಿ 1993ರಿಂದ 2021ರವರೆಗೆ, 28 ವರ್ಷ, ಬಾಳಿತು, ಅದರಲ್ಲಿ ಬಹುಕಾಲ ಮುಖಕ್ಕೆ ಹೆಲ್ಮೆಟ್ ಹಾಕಿಕೊಂಡೇ. ಮುಖವೇ ಕಾಣದಿದ್ದರೆ ಯಾರು ದೊಡ್ಡವನು ಎಂಬ ಜಗಳಕ್ಕೆ ಜಾಗ ಕಡಿಮೆ. ಅವರಿಬ್ಬರೂ ಒಂದೇ ಕಸುಬಿನವರು ಎಂಬುದನ್ನೂ ಇಲ್ಲಿ ಗಮನಿಸಬೇಕು. ಇಬ್ಬರೂ ಸಂಗೀತ ಮಾಡುವವರು. ನಮ್ಮ ಜೋಡಿಯಲ್ಲಿ ಒಬ್ಬ ಸಂಗೀತದವನು, ಒಬ್ಬ ಬಂಡವಾಳದವನು. ಇದು ಕಲಾವಿದರ ಜೋಡಿಯಲ್ಲ, ಪಾಲುದಾರಿಕೆ. ಹುಡುಗರು ಮಾತ್ರ ಅದನ್ನು ದೋಸ್ತಿ ಎಂದುಕೊಂಡಿರುತ್ತಾರೆ.

ನಮ್ಮ ಹಳೆಯ ಮೇಳಗಳು ಇದರಲ್ಲಿ ಹೆಚ್ಚು ಸ್ಪಷ್ಟವಾಗಿದ್ದವು. ಬಳ್ಳಾರಿ ಸೀಮೆಯ ನಾಟಕಗಳಲ್ಲಿ ಸೀನರಿ, ಅಂದರೆ ರಂಗದ ಪರದೆ, ತರುವವರಿಗೆ ಬಾಡಿಗೆ, ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರಿಗೆ ಸಂಭಾವನೆ. ಸೀನರಿ ಎಷ್ಟೇ ಚೆಂದ ಇದ್ದರೂ ಪೇಟಿ ಮಾಸ್ತರರ ಹೆಸರಿನ ಪಕ್ಕ ಅದರ ಮಾಲೀಕನ ಹೆಸರು ಕೂರುತ್ತಿರಲಿಲ್ಲ. ಸಂಡೂರು ತಾಲ್ಲೂಕಿನ ದರೋಜಿ ಈರಮ್ಮನ ಬುರ್ರಕಥೆಯಲ್ಲಿ ದನಿಗೂಡಿಸುವವರು ಇದ್ದರು, ಆದರೆ ಕಥೆಯ ಹೊರೆ ಯಾರ ಹೆಗಲ ಮೇಲೆ ಎಂಬ ಗೊಂದಲ ಇರಲಿಲ್ಲ. ಡಬ್ಬಿ ಬಂದ ಮೇಲೆ ಆ ಗೆರೆ ಅಳಿಸಿತು. ಬೇಸಿನ ಹೊಡೆತವೇ ಸಂಗೀತದ ಅರ್ಧವಾದಾಗ ಡಬ್ಬಿಯ ಮಾಲೀಕನಿಗೆ ತಾನೂ ಕಲಾವಿದ ಅನ್ನಿಸುವುದು ಸಹಜ. ಅವನು ಪೂರ್ತಿ ತಪ್ಪು ಎಂದೂ ನಾನು ಹೇಳಲಾರೆ. ಹದಿನೆಂಟು ಇಂಚಿನ ಸ್ಪೀಕರ್ ಇಲ್ಲದೆ ಆ ಮಿಕ್ಸಿಗೆ ಅರ್ಥವಿಲ್ಲ.

ಕಾನೂನು ಈ ಸಹಾನುಭೂತಿಯನ್ನು ತೋರಿಸುವುದಿಲ್ಲ. ಜಂಟಿ ಕೃತಿ ಎನ್ನಿಸಿಕೊಳ್ಳಲು ಇಬ್ಬರೂ ಅದನ್ನು ಕೂಡಿ ರಚಿಸಿರಬೇಕು, ಒಬ್ಬನ ಪಾಲನ್ನು ಇನ್ನೊಬ್ಬನದರಿಂದ ಬೇರ್ಪಡಿಸಲು ಬಾರದಂತೆ ಇರಬೇಕು ಎನ್ನುತ್ತದೆ ಕಾಪಿರೈಟ್ ಕಾಯಿದೆ. ಡಬ್ಬಿ ಕೊಟ್ಟವನು ರಚಿಸಿದವನಲ್ಲ. ಹೆಸರಿನ ಕಥೆಯೇ ಬೇರೆ. 1932ರ ಪಾಲುದಾರಿಕೆ ಕಾಯಿದೆಗೆ ಪತ್ರವೇ ಬೇಕೆಂದಿಲ್ಲ. ಕೂಡಿ ಕಸುಬು ಮಾಡಿ ಲಾಭ ಹಂಚಿಕೊಳ್ಳುವ ಒಪ್ಪಂದ ಬಾಯಿಮಾತಿನದಾದರೂ ಅದು ಪಾಲುದಾರಿಕೆಯಾದೀತು. ಪಾಲು ಎಷ್ಟೆಂದು ಮಾತಾಗಿರದಿದ್ದರೆ ಲಾಭವೂ ಸಮ, ನಷ್ಟವೂ ಸಮ. ಕಸುಬಿಗೆ ತಂದು ಹಾಕಿದ ಸೊತ್ತು, ಗಳಿಸಿದ ಹೆಸರು ಎರಡೂ ಪಾಲುದಾರಿಕೆಯ ಆಸ್ತಿ. ಇದನ್ನು ಶುರುವಿನಲ್ಲೇ ಒಂದು ಹಾಳೆಯ ಮೇಲೆ ಬರೆದುಕೊಂಡಿದ್ದರೆ ಮುಗಿಯುತ್ತಿತ್ತು. ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಲು ವ್ಯಕ್ತಿಯೊಬ್ಬನ ಆನ್‌ಲೈನ್ ಅರ್ಜಿಗೆ ಶುಲ್ಕ 4,500 ರೂಪಾಯಿ, ನೋಂದಣಿಯಾದರೆ ಹತ್ತು ವರ್ಷ ಬಾಳುತ್ತದೆ. ಒಳ್ಳೆಯ ಕಂಪನಿಯ ಒಂದು ದೊಡ್ಡ ಸ್ಪೀಕರಿಗೆ ಅದಕ್ಕಿಂತ ಹೆಚ್ಚು ಬೀಳುತ್ತದೆ. ಆದರೆ ಅರ್ಜಿ ಯಾರ ಹೆಸರಲ್ಲಿ ಎಂದು ಕೇಳಿದ ಗಳಿಗೆಯಲ್ಲೇ ದೋಸ್ತಿ ಬಿಗಿಯಾಗುತ್ತದೆ. ಹಾಗಾಗಿ ಯಾರೂ ಕೇಳುವುದಿಲ್ಲ.

ಮದುವೆ ಮುಗಿದ ಮೇಲೆ ಇಬ್ಬರನ್ನೂ ಬೇರೆ ಬೇರೆಯಾಗಿ ಕಂಡೆ. ದೊಡ್ಡವನ ಡಬ್ಬಿಗಳು ಕೊಟ್ಟಿಗೆಯಲ್ಲಿ ಇದ್ದವು, ಮೇಲೆ ಭತ್ತದ ಚೀಲ. ಒಂದು ಡಬ್ಬಿಯ ಜಾಳಿಗೆಯ ಹಿಂದೆ ಇಲಿ ಗೂಡು ಕಟ್ಟಿತ್ತು. "ಹೆಸರು ನಂದು ಅಣ್ಣಾ, ರೊಕ್ಕ ಹಾಕಿದ್ದು ನಾ" ಎಂದ. ಪಾಲುದಾರಿಕೆ ಅಂತಾದರೆ ಹೆಸರಿನಲ್ಲಿ ಅರ್ಧ ನಿನಗೆ ಸಿಕ್ಕೀತು, ಆದರೆ ಡಬ್ಬಿಯಲ್ಲೂ ಅವನು ಪಾಲು ಕೇಳಬಹುದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪಾಲುದಾರಕಿ ಎಲ್ಲೀದು? ಡಬ್ಬಿ ನಮ್ಮಪ್ಪನ ಹೆಸರಿಲೆ ತಂದದ್ದು. ಅವ ಬರೇ ಆಪರೇಟ್ರು" ಎಂದ.

ಸಣ್ಣವನು ಈಗ ಚುನಾವಣೆ ಆಟೋಗಳಿಗೆ, ಅಂಗಡಿ ಉದ್ಘಾಟನೆಗಳಿಗೆ ಹಾಡು ಕೂಡಿಸಿಕೊಡುತ್ತಾನೆ. ಅವನದೂ ಅದೇ ಮಾತು, ಟ್ಯಾಗ್ ತನ್ನದು, ಕೂಗಿದ ದನಿಯೇ ತನ್ನದು. ಪಾಲುದಾರಿಕೆ ಅಂತಾದರೆ ನಷ್ಟವೂ ಸಮ ಎಂದೆ. ಡಬ್ಬಿಯ ಸಾಲ ಇನ್ನೂ ಬಾಕಿ ಇದೆ ಎಂಬುದು ಅವನಿಗೂ ಗೊತ್ತು. ಮೌಸ್ ಮೇಲಿನ ಕೈ ತೆಗೆದ. "ನಾವು ಪಾರ್ಟ್ನರ್ ಅಲ್ರಿ, ಬರೇ ದೋಸ್ತರಿದ್ವಿ" ಎಂದ.

ಜೋಡಿ ಹೆಸರಿನ ಚಾನೆಲ್ ಹಾಗೇ ಇದೆ. ಹದಿನಾಲ್ಕು ತಿಂಗಳಿಂದ ಅದರಲ್ಲಿ ಹೊಸ ಮಿಕ್ಸ್ ಇಲ್ಲ. ಪಾಸ್‌ವರ್ಡ್ ಇಬ್ಬರ ಫೋನಿನಲ್ಲೂ ಇದೆ, ಇಬ್ಬರೂ ಬದಲಿಸಿಲ್ಲ.